ಕಡಗ ಮಾತಾಡುವ ಲೋಕದಲ್ಲಿ

ಜಪಾನಿನ ಸ್ಕ್ವೇರ್ ಎನಿಕ್ಸ್ 2023ರ ಜನವರಿಯಲ್ಲಿ ಹೊರತಂದ ವಿಡಿಯೊ ಆಟ ‘ಫೋರ್‌ಸ್ಪೋಕನ್’. ನ್ಯೂಯಾರ್ಕಿನ ಅನಾಥ ಯುವತಿ ಫ್ರೇ, ಆಥಿಯಾ ಎಂಬ ಮಾಯಾಲೋಕಕ್ಕೆ ಬಂದು ಬೀಳುತ್ತಾಳೆ. ಆಟಗಾರ ಅವಳನ್ನು ಬೇಕಾದತ್ತ ಓಡಿಸಬಹುದು, ಬಂಡೆ ಹತ್ತಿಸಬಹುದು. ದಾರಿಯಲ್ಲಿ ಸಿಕ್ಕ ಶಕ್ತಿಯನ್ನು ಕೂಡಿಟ್ಟು ಹೊಸ ಮಂತ್ರಗಳನ್ನು ಕಲಿಸಬಹುದು.

ಓಟವನ್ನು ಮೆಚ್ಚಿದ ಅನೇಕರು ಮಾತಿಗೆ ಮುಖ ಸಿಂಡರಿಸಿದರು. ಫ್ರೇಯ ಬಾಯಲ್ಲಿ ಬೀದಿಮಾತು, ಬೈಗುಳ. ಕೈಯ ಕಡಗವೂ ಮಾತಾಡುತ್ತದೆ! ನಗರದ ಹುಡುಗಿ ಇನ್ನು ಹೇಗೆ ಮಾತನಾಡಬೇಕು ಎಂಬುದು ಇನ್ನೊಂದು ಪಕ್ಷದ ವಾದ.

ನಿಜವಾದ ತೊಡಕು ಭಾಷೆಯಲ್ಲ, ಪುನರಾವರ್ತನೆ. ಸಿನಿಮಾದ ಸಂಭಾಷಣೆ ಒಮ್ಮೆ ಕೇಳಿ ಮುಗಿಯುತ್ತದೆ. ಗಂಟೆಗಟ್ಟಲೆ ಅಲೆಯುವ ಆಟದಲ್ಲಿ ಮಾತು ಮರಳಿ ಮರಳಿ ಕಿವಿಗೆ ಬೀಳುತ್ತದೆ. ಕಡಗದ ಹರಟೆ ತಗ್ಗಿಸುವ ಸೌಲಭ್ಯ ಆಟದಲ್ಲೇ ಇದೆ. ಲೋಕ ದೊಡ್ಡದಾದಷ್ಟೂ ಮೌನಕ್ಕೂ ಜಾಗ ಬೇಕು.