ಅಮಾಲಿಯ ಕೈಬರಹ



ನೆದರ್‌ಲ್ಯಾಂಡ್ಸ್‌ನಲ್ಲಿ ರಾಬೋಬ್ಯಾಂಕ್ ಅಂತ ಒಂದು ದೊಡ್ಡ ಬ್ಯಾಂಕಿದೆ. ಹೊಲಮನೆ, ಹೈನು, ಆಹಾರ ಉದ್ಯಮಗಳಿಗೆ ಸಾಲ ಕೊಡುವುದರಲ್ಲಿ ಜಗತ್ತಿಗೇ ಹೆಸರಾದದ್ದು. ಬ್ರೆಜಿಲ್‌ನಲ್ಲೂ ಇದೆ, ಆಸ್ಟ್ರೇಲಿಯಾದಲ್ಲೂ ಇದೆ. ಹೆಸರಿನಲ್ಲಿರುವ ‘ರಾ’ ಬಂದದ್ದು ರೈಫೈಸನ್ ಎಂಬ ಜರ್ಮನ್ ಮನುಷ್ಯನಿಂದ. ‘ಬೋ’ ಬಂದದ್ದು ಬೂರೆನ್‌ಲೇನ್‌ಬ್ಯಾಂಕ್ ಎಂಬ ಡಚ್ ಮಾತಿನಿಂದ. ರೈತರ ಸಾಲದ ಬ್ಯಾಂಕು ಅಂತ ಅರ್ಥ. ನಾನು ವರ್ಷಗಟ್ಟಲೆ ಬೆನ್ನು ಹತ್ತಿರುವುದು ಆ ‘ರಾ’ ಅಕ್ಷರವನ್ನು.

ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್ ಹುಟ್ಟಿದ್ದು 1818ರಲ್ಲಿ, ಸೀಗ್ ನದಿಯ ದಂಡೆಯ ಹಾಮ್ ಎಂಬ ಊರಲ್ಲಿ. ಸೈನ್ಯಕ್ಕೆ ಸೇರಿದರು, ಕಣ್ಣು ಕೆಟ್ಟಿತು, ಬಿಟ್ಟು ಬಂದರು. 1845ರಲ್ಲಿ ವೆಸ್ಟರ್‌ವಾಲ್ಡ್ ಗುಡ್ಡಗಾಡಿನ ವೈಯರ್‌ಬುಶ್‌ಗೆ ಮೇಯರ್ ಆದರು. ದೊಡ್ಡ ಪಟ್ಟಣದ ಮೇಯರ್‌ಗಿರಿ ಅಂದುಕೊಳ್ಳಬೇಡಿ. ಸುತ್ತಲಿನ ಬಡ ಹಳ್ಳಿಗಳ ಪಾರುಪತ್ಯ ಅಷ್ಟೇ. ಮರುವರ್ಷವೇ ಬೆಳೆ ಹೋಯಿತು. 1846–47ರ ಚಳಿಗಾಲ ಹಸಿವಿನ ಚಳಿಗಾಲ. ಸರ್ಕಾರ ಆಹಾರದ ದಾಸ್ತಾನು ಕಳಿಸಿತು, ಆದರೆ ಕೈಗೆ ಕಾಸು ಬಂದರೆ ಮಾತ್ರ ಕೊಡಬೇಕು ಅಂತ ಆದೇಶ. ಕಾಸಿದ್ದವರು ಹಸಿದಿರಲಿಲ್ಲ, ಹಸಿದವರ ಹತ್ತಿರ ಕಾಸಿರಲಿಲ್ಲ. ರೈಫೈಸನ್ ಆ ಆದೇಶ ಮೀರಿದರು. ಉಳ್ಳವರಿಂದ ಹಣ ಕೂಡಿಸಿ ರೊಟ್ಟಿ ಸಂಘ ಕಟ್ಟಿದರು, ಊರಲ್ಲಿ ಒಂದು ಒಲೆಮನೆ ಕಟ್ಟಿಸಿದರು, ಕಡಿಮೆ ಬೆಲೆಗೆ, ಕಡವಾಗಿ ರೊಟ್ಟಿ ಕೊಟ್ಟರು.

ಮುಂದೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿ ದನದ ವ್ಯಾಪಾರಿಗಳ ಸಾಲದಲ್ಲಿ ರೈತರು ಸಿಕ್ಕಿಕೊಂಡಿದ್ದರು. ಹಸು ಕೊಡಿಸಲು 1849ರಲ್ಲಿ ಇನ್ನೊಂದು ಸಂಘ. ಆಮೇಲೆ ಹೆಡ್ಡೆಸ್‌ಡಾರ್ಫ್, ಅಲ್ಲೂ ಒಂದು. ಎಲ್ಲದರ ಪಾಡೂ ಒಂದೇ ಆಯಿತು. ದಾನ ಕೊಡುವ ಕೈ ಎಷ್ಟು ದಿನ ಕೊಟ್ಟೀತು? ಕಷ್ಟ ತುಸು ಕಡಿಮೆಯಾಯಿತೆನ್ನುವಾಗಲೇ ಉಳ್ಳವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

ಆಗ ರೈಫೈಸನ್ ತಮ್ಮ ವಿಚಾರವನ್ನೇ ತಿರುಗಿಸಿ ಹಾಕಿದರು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಶುರುವಾದ ಸಾಲದ ಸಂಘದಲ್ಲಿ ಸಾಲ ಬೇಕಾದವರೇ ಸದಸ್ಯರು. ಈ ಮಾದರಿಯ ಸಂಘದ ಎಲ್ಲೆ ಒಂದು ಊರು, ಹೆಚ್ಚೆಂದರೆ ಒಂದು ಚರ್ಚಿನ ವ್ಯಾಪ್ತಿ. ಆಡಳಿತ ಮಂಡಳಿಗೆ ಸಂಬಳವಿಲ್ಲ. ಲಾಭ ಹಂಚುವಂತಿಲ್ಲ, ಮೀಸಲು ನಿಧಿಗೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಸಮಸ್ತ ಆಸ್ತಿಯಿಂದ ಹೊಣೆ. ಭಯವಾಗುತ್ತದಲ್ಲವೇ? ಆದರೆ ಎರಡೆಕರೆಯವನೊಬ್ಬನ ಜಾಮೀನು ನಂಬಿ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲ. ಊರಿಗೆ ಊರೇ ಜಾಮೀನು ನಿಂತರೆ ಬಿಚ್ಚುತ್ತಿದ್ದರು. ಎತ್ತಿಗೆಂದು ಸಾಲ ಪಡೆದವನ ಕೊಟ್ಟಿಗೆಗೆ ಎತ್ತು ಬಂತೋ ಇಲ್ಲವೋ ಅಂತ ಪಕ್ಕದ ಮನೆಯವನಿಗೆ ಬೆಳಗಾದರೆ ಗೊತ್ತು. ಅದಕ್ಕಿಂತ ದೊಡ್ಡ ತನಿಖೆ ಯಾವ ಬ್ಯಾಂಕು ಮಾಡೀತು!

ಇಲ್ಲಿ ನಾನು ಅಮಾಲಿಯ ಬಗ್ಗೆ ಹೇಳಲೇಬೇಕು. ಅಮಾಲಿ ರೈಫೈಸನ್‌ರ ಹಿರಿಯ ಮಗಳು. 1863ರಲ್ಲಿ ತಾಯಿ ತೀರಿಕೊಂಡರು. ಎರಡು ವರ್ಷದಲ್ಲಿ ತಂದೆಯ ಕಣ್ಣು ಪೂರಾ ಮಂಜಾಗಿ ಕೆಲಸ ಬಿಡಬೇಕಾಯಿತು. ಆಗ ಅವರ ಕಣ್ಣಾದವಳು ಈ ಹುಡುಗಿ. ಬಂದ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದು ಎಲ್ಲ ಅವಳದೇ. 1866ರಲ್ಲಿ ಸಾಲ ಸಂಘಗಳ ಬಗ್ಗೆ ಅವರ ಪುಸ್ತಕ ಹೊರಬಂತು. ಹಳ್ಳಿ ಹಳ್ಳಿಯಲ್ಲಿ ಸಂಘ ಕಟ್ಟುವವರಿಗೆ ಅದೇ ಕೈಪಿಡಿಯಾಯಿತು. ತಂದೆ ಹೇಳುತ್ತಿದ್ದರು, ಸುಮಾರು 20 ವರ್ಷದ ಮಗಳು ಬರೆದುಕೊಳ್ಳುತ್ತಿದ್ದಳು. ಅವಳು ಮದುವೆಯಾಗಲಿಲ್ಲ. 1888ರ ಮಾರ್ಚ್ 11ರಂದು, 70 ತುಂಬಲು 19 ದಿನ ಇರುವಾಗ, ರೈಫೈಸನ್ ತೀರಿಕೊಂಡರು. ಅಲ್ಲಿಯವರೆಗೂ ಅವಳು ಜೊತೆಗಿದ್ದಳು. ಜರ್ಮನಿಯಲ್ಲಿ ರೈಫೈಸನ್ ಹೆಸರಿನ ಬೀದಿಗಳು ಲೆಕ್ಕವಿಲ್ಲದಷ್ಟಿವೆ. ಅಮಾಲಿಯ ಹೆಸರು ಹೇಳುವವರು ಎಷ್ಟು ಕಡಿಮೆ! ನನಗೆ ಇದು ಸಂಕಟದ ವಿಷಯ.

ರೈಫೈಸನ್‌ರ ಸಾಲ ಸಂಘದ ವಿಚಾರ ನಮ್ಮ ಕಡೆಗೂ ಬಂತು. ಮದರಾಸು ಸರ್ಕಾರಕ್ಕಾಗಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ರೈತ ಬ್ಯಾಂಕುಗಳನ್ನು ಅಧ್ಯಯನ ಮಾಡಿ, ರೈಫೈಸನ್‌ನಂಥವನನ್ನು ಹುಡುಕಿ ಎಂದು ವರದಿ ಕೊಟ್ಟರು. 1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲೇ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಕಾಯ್ದೆಯಡಿ ದೇಶದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಒಂದನ್ನು ಕಟ್ಟಿದರು. ನಿಕಲ್ಸನ್ ಹುಡುಕಿ ಎಂದಿದ್ದ ಮನುಷ್ಯ ನಮ್ಮ ಕಪ್ಪು ನೆಲದಲ್ಲೇ ಇದ್ದ.

ಇನ್ನು ರಾಬೋಬ್ಯಾಂಕಿನ ಕಥೆಗೆ ಮರಳೋಣ. ನೆದರ್‌ಲ್ಯಾಂಡ್ಸ್‌ನಲ್ಲಿ ರೈಫೈಸನ್ ಮಾದರಿಯ ಮೊದಲ ಬ್ಯಾಂಕು ಲೊನ್ನೆಕರ್‌ನಲ್ಲಿ, 1896ರಲ್ಲಿ. ದಕ್ಷಿಣದಲ್ಲಿ ಗೆರ್ಲಾಕುಸ್ ವಾನ್ ಡೆನ್ ಎಲ್ಸನ್ ಎಂಬ ಕ್ಯಾಥೊಲಿಕ್ ಪಾದ್ರಿ ರೈತರನ್ನು ಒಗ್ಗೂಡಿಸಿದರು. 1898ರಲ್ಲಿ ಎರಡು ಕೇಂದ್ರ ಬ್ಯಾಂಕುಗಳು ಹುಟ್ಟಿದವು. ಯೂಟ್ರೆಕ್ಟ್‌ನದು ಒಂದು, ಐಂಡ್‌ಹೋವನ್‌ನ ಕ್ಯಾಥೊಲಿಕರದು ಇನ್ನೊಂದು. ಒಂದೇ ಗುರುವಿನ ಶಿಷ್ಯರು, ಬೇರೆ ಬೇರೆ ಪಂಕ್ತಿ. ಮುಕ್ಕಾಲು ಶತಮಾನ ಬೇಕಾಯಿತು ಒಂದಾಗಲು, ಒಂದಾದದ್ದು 1972ರಲ್ಲಿ. ಅಲ್ಲಿಂದಾಚೆ ವಿದೇಶದ ಶಾಖೆಗಳು, ದೊಡ್ಡ ದೊಡ್ಡ ಮೊತ್ತಗಳು.

2013ರ ಸುದ್ದಿ ಓದಿದಾಗ ನಾನು ಪತ್ರಿಕೆ ಮಡಚಿಟ್ಟುಬಿಟ್ಟೆ. ಲಂಡನ್ನಿನ ಲೈಬಾರ್ ಬಡ್ಡಿದರವನ್ನು ತಿರುಚಲು ಯತ್ನಿಸಿದ ಪ್ರಕರಣದಲ್ಲಿ ರಾಬೋಬ್ಯಾಂಕ್ 77.4 ಕೋಟಿ ಯೂರೋ ದಂಡ ಕಟ್ಟಿತು, ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಬಡ್ಡಿಯ ಮೋಸದಿಂದ ರೈತನನ್ನು ಬಿಡಿಸಲು ಹುಟ್ಟಿದ ಬ್ಯಾಂಕು ಬಡ್ಡಿಯನ್ನೇ ತಿರುಚುವವರ ಸಾಲಿನಲ್ಲಿ ನಿಂತಿತ್ತು. 2016ರಲ್ಲಿ ನೂರಕ್ಕೂ ಮಿಕ್ಕ ಸ್ಥಳೀಯ ಬ್ಯಾಂಕುಗಳು ತಮ್ಮ ಪ್ರತ್ಯೇಕ ಅಸ್ತಿತ್ವ ಬಿಟ್ಟು ಕೇಂದ್ರದೊಂದಿಗೆ ಒಂದೇ ಬ್ಯಾಂಕಾದವು. ಈಗಲೂ ಅದು ಸಹಕಾರಿ ಸಂಸ್ಥೆಯೇ, ಸದಸ್ಯರೂ ಲಕ್ಷಗಟ್ಟಲೆ ಇದ್ದಾರೆ.

ಆದರೂ ನನ್ನ ಮನಸ್ಸು ಹೋಗುವುದು ಆ ಮೊದಲ ದಿನಗಳಿಗೇ. ಆಗ ಬ್ಯಾಂಕಿಗೆ ಕಟ್ಟಡವಿರಲಿಲ್ಲ. ಊರಿನ ಮೇಷ್ಟರೋ ರೈತನೋ ಖಜಾಂಚಿ, ಅವನ ಮನೆಯೇ ಬ್ಯಾಂಕು. ಸಂಜೆ ಹಾಲು ಕರೆದು ಮುಗಿಸಿ ಯಾರೋ ನಾಲ್ಕು ನಾಣ್ಯ ಹಿಡಿದು ಬಾಗಿಲು ತಟ್ಟಿರಬೇಕು. ಊಟದ ಮೇಜಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ದೀಪ ಹತ್ತಿರಕ್ಕೆ ಎಳೆದುಕೊಂಡು, ಖಜಾಂಚಿ ಲೆಕ್ಕದ ಪುಸ್ತಕ ಬಿಚ್ಚಿರಬೇಕು.