ಕ್ಷಯ ಗೆದ್ದವರ ಆರೈಕೆಯೂ ದಾಸೋಹವೇ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳಿಂದ ಬಂದಿರುವ ಶರಣ ಶರಣೆಯರೇ,

ನಾನು ವೈದ್ಯನಲ್ಲ. ಸರಕಾರಿ ಎಂಜಿನಿಯರ್ ಆಗಿ ಕೆರೆ, ಕಾಲುವೆ, ರಸ್ತೆ ನೋಡಿಕೊಂಡು ನಿವೃತ್ತನಾದವನು. ಕ್ಷಯರೋಗದ ಬಗ್ಗೆ ಮಾತನಾಡಲು ನನಗಿರುವ ಕಾರಣ ಒಂದೇ. ನನ್ನ ತಮ್ಮ ಆ ರೋಗವನ್ನು ಗೆದ್ದವನು. ಗೆದ್ದ ಮೇಲೆ ಅವನನ್ನು ನೋಯಿಸಿದವರಲ್ಲಿ ನಾನೂ ಒಬ್ಬ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದ. ಕೊನೆಗೆ ಕಫ ಪರೀಕ್ಷೆಯಲ್ಲಿ ಕ್ರಿಮಿ ಇಲ್ಲವೆಂದು ಬಂತು. ಆದರೆ ಮನೆಯಲ್ಲಿ ಅವನ ತಾಟು, ತಂಬಿಗೆ ಬೇರೆಯಾಗಿಯೇ ಉಳಿದವು. ಜಾತ್ರೆಯ ಪಂಕ್ತಿಯಲ್ಲಿ ಪಕ್ಕದವರು ಸರಿದು ಕುಳಿತ ದಿನದಿಂದ ಅವನು ಪ್ರಸಾದಕ್ಕೆ ಬರುವುದನ್ನೇ ಬಿಟ್ಟ. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಎರಡು ವರ್ಷದ ನಂತರ ಗೋವಿನಜೋಳದ ಚೀಲ ಎತ್ತಿದರೆ ಉಸಿರು ಕಟ್ಟತೊಡಗಿತು, ಕೆಮ್ಮು ಬಂತು. ಒಬ್ಬ ವೈದ್ಯರು ಎಕ್ಸ್‌ರೇ ನೋಡಿ, ಕಫ ಪರೀಕ್ಷೆ ಮಾಡಿಸದೆ, ಮತ್ತೆ ಕ್ಷಯದ ಗುಳಿಗೆಯನ್ನೇ ಶುರು ಮಾಡಿದರು. ಮುಂದೆ ಬೇರೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕ್ರಿಮಿ ಇರಲೇ ಇಲ್ಲ. ಹಳೆಯ ರೋಗದಿಂದ ಶ್ವಾಸನಾಳಗಳು ಹಾಳಾಗಿ ಅಗಲಗೊಂಡಿದ್ದವು.

ನನ್ನ ವೃತ್ತಿಯ ಮಾತಿನಲ್ಲಿ ಹೇಳುತ್ತೇನೆ. ಕೆರೆಯ ಏರಿ ಒಡೆದರೆ ದುರಸ್ತಿ ಮಾಡುತ್ತೇವೆ. ಆದರೆ ಒಳಗೆ ಹೂಳು ತುಂಬಿದ್ದರೆ ಮೊದಲಿನಷ್ಟು ನೀರು ನಿಲ್ಲುವುದಿಲ್ಲ. ದುರಸ್ತಿಯಾದ ಏರಿಯನ್ನು ಪ್ರತಿ ಮಳೆಗಾಲದ ಮುಂಚೆ ನಡೆದು ನೋಡಲೇಬೇಕು. ಕ್ಷಯ ಗುಣವಾದ ಶ್ವಾಸಕೋಶವೂ ಹಾಗೆಯೇ. ಗಾಯದ ಕಲೆ ಎಕ್ಸ್‌ರೇಯಲ್ಲಿ ಜೀವನವಿಡೀ ಕಾಣಬಹುದು. ಆದ್ದರಿಂದ ಎಕ್ಸ್‌ರೇ ಒಂದನ್ನೇ ನೋಡಿ ರೋಗ ಮರಳಿದೆ ಎನ್ನಲಾಗದು; ಕಫ ಪರೀಕ್ಷೆ ಆಗಬೇಕು. ಸರಕಾರಿ ವ್ಯವಸ್ಥೆಯಲ್ಲಿ ಅದು ಉಚಿತ.

ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಪ್ರಕಾರ ಚಿಕಿತ್ಸೆ ಮುಗಿದ ಮೇಲೆ 6, 12, 18 ಮತ್ತು 24ನೇ ತಿಂಗಳಲ್ಲಿ ತಪಾಸಣೆ ಆಗಬೇಕು. ಇದು ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು? ಗುಳಿಗೆ ಮುಗಿದರೆ ಎಲ್ಲವೂ ಮುಗಿಯಿತು ಎಂದುಕೊಳ್ಳುತ್ತೇವೆ. ಚಿಕಿತ್ಸೆಯ ಕಾಲಕ್ಕೆ ಸಿಗುವ ನಿಕ್ಷಯ್ ಪೋಷಣೆಯ ಹಣವೂ (2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿ) ಅಲ್ಲಿಗೇ ನಿಲ್ಲುತ್ತದೆ. ದೇಹ ಮಾತ್ರ ಇನ್ನೂ ಚೇತರಿಸಿಕೊಳ್ಳುತ್ತಿರುತ್ತದೆ.

ಅನ್ನದ ಬಲ ಎಂಥದು ಎಂಬುದಕ್ಕೆ ನಮ್ಮ ನಾಡಿನ ವೈದ್ಯರೇ ಸಾಕ್ಷಿ ಕೊಟ್ಟಿದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಆಹಾರದ ಕಿಟ್ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 39ರಷ್ಟು ತಗ್ಗಿತು. 2023ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿಟ್‌ನಲ್ಲಿ ಇದ್ದದ್ದು ಅಕ್ಕಿ, ಬೇಳೆಯಂಥ ದಿನನಿತ್ಯದ ಪದಾರ್ಥಗಳೇ. ದಾಸೋಹ ನಡೆಸುವ ಮಠಗಳಿಗೆ ಇದು ಹೊಸ ಕೆಲಸವೇನಲ್ಲ.

ಇನ್ನು ತಾಟಿನ ಮಾತು. ಕ್ಷಯ ಹರಡುವುದು ರೋಗಿ ಕೆಮ್ಮಿದಾಗ ಗಾಳಿಯಿಂದ, ತಾಟಿನಿಂದಲ್ಲ, ಹಾಸಿಗೆ-ಬಟ್ಟೆಯಿಂದಲ್ಲ. ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲೇ ಹರಡುವ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. ಗುಣವಾದವರಿಂದ ಹೆದರುವುದೇನಿದೆ? ಶರಣರು ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಐದು ಸೂತಕಗಳನ್ನು ಅಳಿಸಿದರು. ನಾವು ಇಷ್ಟಲಿಂಗ ಧರಿಸಿಕೊಂಡೇ ರೋಗ ಸೂತಕ ಎಂಬ ಆರನೆಯದನ್ನು ಹುಟ್ಟಿಸಿದ್ದೇವೆ. ಹೆಣ್ಣುಮಕ್ಕಳಿಗೆ ಇದರ ಪೆಟ್ಟು ಇನ್ನೂ ಜೋರು. ಗುಣವಾಗಿ ವರ್ಷಗಳು ಕಳೆದರೂ ಸಂಬಂಧ ಮುರಿಯುತ್ತವೆ. ಆ ಹೆದರಿಕೆಗೆ ರೋಗವನ್ನೇ ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ.

ಆದ್ದರಿಂದ ನಾಲ್ಕೂ ತಾಲೂಕುಗಳ ಮಠಗಳಲ್ಲಿ, ಬಸವ ಬಳಗಗಳಲ್ಲಿ ನನ್ನ ಬಿನ್ನಹ ಇಷ್ಟು.

ಒಂದು, 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಹೆಸರು ನೋಂದಾಯಿಸಿ, ಚಿಕಿತ್ಸೆಯಲ್ಲಿರುವವರಿಗೆ ಆಹಾರ ಕೊಡೋಣ. ಚಿಕಿತ್ಸೆ ಮುಗಿದ ಮೇಲೂ ದಾಸೋಹದಿಂದ ಬೇಳೆ, ಶೇಂಗಾ, ಹೆಸರುಕಾಳು, ಹಾಲು ಕೆಲವು ತಿಂಗಳು ಮುಂದುವರಿಯಲಿ.

ಎರಡು, ಆಶಾ ಕಾರ್ಯಕರ್ತೆಯರ ಜೊತೆಗೂಡಿ ಆ ನಾಲ್ಕು ತಪಾಸಣೆಗಳನ್ನು ನೆನಪಿಸೋಣ. ಒಪ್ಪಿದವರಿಗೆ ಮಾತ್ರ, ಹೆಸರು ಗುಟ್ಟಾಗಿಟ್ಟು. ಕೆಮ್ಮು, ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ, ದಮ್ಮು ಕಂಡರೆ ತಡಮಾಡದೆ ಕರೆದೊಯ್ಯೋಣ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ.

ಮೂರು, ಉಸಿರು ಕಡಿಮೆಯಾದವರಿಗೆ ತಕ್ಕ ಕಾಯಕ ಹುಡುಕಿಕೊಡೋಣ. ಮೆಣಸಿನಕಾಯಿ ದೂಳು, ಒಕ್ಕಣೆಯ ದೂಳು, ಒಲೆಯ ಹೊಗೆ, ಬೀಡಿ ಇವರಿಗೆ ಆಗದು. ಕೈಯಿಂದ ಕಾಯಕ ಕಸಿದು ಬರೀ ಅನ್ನ ಹಾಕಿದರೆ ಅದು ಶರಣರ ದಾರಿಯಾಗದು.

ಇವತ್ತು ತಮ್ಮನನ್ನೂ ಕರೆದೆ. "ಅಣ್ಣಾ, ನೀ ಮಾತಾಡಿ ಬಾ, ಆಮ್ಯಾಲೆ ನೋಡೂಣು" ಎಂದ. ಅವನ ಅನುಮಾನದಲ್ಲಿ ತಪ್ಪಿಲ್ಲ. ಮನೆಯಲ್ಲಿ ಬೇರೆ ತಾಟು ಈಗ ಇಲ್ಲ. ಅದನ್ನು ತೆಗೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಮುಂದಿನ ಜಾತ್ರೆಗೆ ಅವನು ಪಂಕ್ತಿಗೆ ಬಂದರೆ ಯಾರೂ ಸರಿದು ಕೂರಬೇಡಿ. ನಾನಂತೂ ಅವನ ಪಕ್ಕದಲ್ಲೇ ಕೂರುತ್ತೇನೆ.