ಆಸ್ಪತ್ರೆ ಎಂದರೆ ಗೋಡೆಯಲ್ಲ, ಮನುಷ್ಯರು



ಊರಿಗೆ ಆಸ್ಪತ್ರೆ ಬಂತು ಎಂದರೆ ಏನು ಬಂತು? ಗೋಡೆ ಬಂತು, ಬಣ್ಣ ಬಂತು, ಬೋರ್ಡು ಬಂತು. ಟೇಪು ಕತ್ತರಿಸಿದವರ ಹೆಸರು ಕೆತ್ತಿದ ಕಲ್ಲೂ ಬಂತು. ಡಾಕ್ಟರು ಬಂದರೇ? ನರ್ಸಮ್ಮ ಬಂದರೇ? ರಕ್ತ ಪರೀಕ್ಷೆ ಮಾಡುವವರು ಬಂದರೇ? ಅವರಿಲ್ಲದ ಮೇಲೆ ಅದು ಬರೀ ಕಟ್ಟಡ.

ಕಾಗದದ ಮೇಲಿನ ಲೆಕ್ಕ ಚೆನ್ನಾಗಿಯೇ ಇದೆ. ಬಯಲಿನಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ 3,000ಕ್ಕೆ, 20,000ಕ್ಕೆ. ಆದರೆ ಖಾಲಿ ಕುರ್ಚಿ ನಾಡಿ ಹಿಡಿದು ನೋಡುತ್ತದೆಯೇ?

ಡಾಕ್ಟರು ಹಳ್ಳಿಗೆ ಹೋಗಲೆಂದು 2012ರಲ್ಲಿ ನಮ್ಮ ರಾಜ್ಯ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಕಡ್ಡಾಯಕ್ಕೆ ಬಂದವರು ವರ್ಷ ತುಂಬುತ್ತಲೇ ಗಂಟು ಕಟ್ಟಿದರೆ ಊರಿನ ಗತಿಯೇನು? ಉಳಿಯುವವರು ಆ ಸೀಮೆಯ ಮಕ್ಕಳೇ.

ಇದು ಬರೀ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಗಿರಿಜನ ಹೆಣ್ಣುಮಕ್ಕಳಿಗೇ ದಾದಿ ತರಬೇತಿ ಕೊಟ್ಟಿತು. ಸೋಲಿಗರ ಪೋಡಿನ ಹಾದಿ ಪೋಡಿನ ಮಗಳಿಗೆ ಹೊಸದಲ್ಲ. ಬಸುರಿ ಬಾಯಿಬಿಟ್ಟು ಹೇಳದ್ದೂ ಅವಳಿಗೆ ತಿಳಿಯುತ್ತದೆ.

ಭಾಷೆಯ ಪ್ರಶ್ನೆ ಇಲ್ಲೇ ಇದೆ. ಎದೆ ಉರಿ, ಎದೆ ನೋವು, ಎದೆ ಹಿಡಿತ ಮೂರೂ ಒಂದೇ ಅಲ್ಲ. ನಮ್ಮಜ್ಜಿ ಹೇಳಿದ್ದು ಡಾಕ್ಟರಿಗೆ ತಿಳಿಯದಿದ್ದರೆ ಚೀಟಿಯಲ್ಲಿ ಬರೆಯುವ ಔಷಧಿ ಯಾವ ಕಾಯಿಲೆಗೆ? 2019ರ ಪಠ್ಯಕ್ರಮ ಎಂಬಿಬಿಎಸ್ ಮಕ್ಕಳ ಮೊದಲ ತಿಂಗಳ ಪಾಠದಲ್ಲಿ ಸ್ಥಳೀಯ ಭಾಷೆಯನ್ನೂ ಸೇರಿಸಿತು. ಒಂದು ತಿಂಗಳಿಗೆ ಅದು ಮುಗಿಯಬಾರದು. ಹೊರಗಿನಿಂದ ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಬನ್ನಿ, ಕಲಿಯಿರಿ, ನಮ್ಮ ರೋಗಿಯ ಮಾತು ಕೇಳಿಸಿಕೊಳ್ಳಿ.

ಇನ್ನು ನಮ್ಮ ಆಶಾ ತಾಯಂದಿರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು 1,000 ಜನಕ್ಕೊಬ್ಬರಂತೆ ಅದೇ ಊರಿನ ಹೆಣ್ಣುಮಗಳನ್ನು ಆರಿಸಿದರು. 2020ರ ಕೊರೋನಾ ಕಾಲದಲ್ಲಿ ನಾವು ಬಾಗಿಲು ಹಾಕಿಕೊಂಡಾಗ ಬಾಗಿಲು ತಟ್ಟಿದವರು ಅವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಗೌರವಿಸಿತು. 2025ರ ಜನವರಿಯಲ್ಲಿ ಅವರೇ ನ್ಯಾಯವಾದ ಗೌರವಧನ ಕೇಳಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ರಾತ್ರಿ ಕಳೆದರು! ಜಗತ್ತಿನ ಹಾರ ಕೊರಳಿಗೆ, ಕೈಗೆ ಮಾತ್ರ ಚಿಲ್ಲರೆ. ಸ್ವಯಂಸೇವಕಿ ಎಂಬ ಹೆಸರಿಟ್ಟು ದುಡಿಸಿಕೊಳ್ಳುವುದು ಯಾವ ನ್ಯಾಯ?

ಎಲ್ಲರಿಗೂ ಆರೋಗ್ಯ ಎಂಬುದು ಘೋಷಣೆಯಾಗಿ ಉಳಿಯಬಾರದು. ಹಿಂದುಳಿದ ತಾಲ್ಲೂಕಿನ ಮಕ್ಕಳಿಗೆ ನರ್ಸಿಂಗ್ ಸೀಟು, ಹಾಸ್ಟೆಲು ಕೊಡಿ. ಓದಿ ಬಂದವರಿಗೆ ಅಲ್ಲೇ ಕಾಯಂ ಕೆಲಸ ಕೊಡಿ. ಇರಲು ಮನೆ, ನಲ್ಲಿಯಲ್ಲಿ ನೀರು, ರಾತ್ರಿ ಪಾಳಿಯ ಹೆಣ್ಣುಮಗಳಿಗೆ ರಕ್ಷಣೆ ಕೊಡಿ. ಆಶಾ ಕಾರ್ಯಕರ್ತೆಗೆ ತಿಂಗಳ ಸಂಬಳ ಕೊಡಿ. ಆಮೇಲೆ ಕಟ್ಟಡಕ್ಕೆ ಬಣ್ಣ ಬಳಿಯಿರಿ.

ನೀವೂ ಸುಮ್ಮನೆ ಕೂರಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು? ತುಂಬಿದ್ದು ಎಷ್ಟು? ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿ ಹಾಕಿ, ಕನ್ನಡದಲ್ಲೇ ಹಾಕಿ. ಕೇಳುವ ಊರಿಗೆ ಡಾಕ್ಟರು ಬರುತ್ತಾರೆ. ಕೇಳದ ಊರಿಗೆ ಕಲ್ಲು ಮಾತ್ರ ಬರುತ್ತದೆ.